ವಿಜ್ಞಾನಪಾಠವೂ ವಿದ್ಯಾರ್ಥಿನಿಯ ಹೃದಯವೂ

ವಿಜ್ಞಾನವು ಕೇವಲ ಬುದ್ಧಿಗೆ ಸಂಬಂಧಪಟ್ಟ ವಿಷಯವೆಂದೂ ಅದರಲ್ಲಿ ಹೃದಯಕ್ಕೆ ಕೆಲಸವಿಲ್ಲವೆಂದೂ ಅನೇಕರು ತಿಳಿದಿರುತ್ತಾರೆ. ತೂಕ, ಅಳತೆ, ಲೆಕ್ಕ ಇವುಗಳಲ್ಲಿ ಭಾವನೆಗಳಿಗೆ ಎಡೆಗೊಡಬಾರದೆಂಬುದು ನಿಜವೇ. ಆದರೆ ತೂಗುವ ಕೈಯೂ ಅಳೆಯುವ ಕಣ್ಣೂ ಒಬ್ಬ ಬಾಲಿಕೆಯವು. ಆಕೆಗೆ ಸಂತೋಷವುಂಟು, ಅಂಜಿಕೆಯುಂಟು, ನಾಚಿಕೆಯುಂಟು. ಇವು ಪಾಠಕ್ಕೆ ಯಾವಾಗ ಸಹಾಯಕವಾಗುವುವು, ಯಾವಾಗ ವಿಘ್ನವಾಗುವುವು ಎಂಬುದನ್ನು ಒಂದು ಸಣ್ಣ ಪ್ರಯೋಗದ ಮೂಲಕ ವಿವರಿಸುವೆವು.

ಒಂದು ತಟ್ಟೆಯ ನಡುವೆ ಮೇಣದ ಬತ್ತಿಯನ್ನು ನಿಲ್ಲಿಸಿ, ಸುತ್ತಲೂ ನೀರನ್ನು ಹೊಯ್ದು, ಬತ್ತಿಯನ್ನು ಹೊತ್ತಿಸಿ, ಅದರ ಮೇಲೆ ಗಾಜಿನ ಲೋಟವನ್ನು ಕವುಚಿರಿ. ತುಸು ಹೊತ್ತಿನಲ್ಲಿ ದೀಪವು ನಂದಿ, ನೀರು ಲೋಟದೊಳಕ್ಕೆ ಏರುವುದು. ಇದನ್ನು ಮೊದಲ ಸಾರಿ ಕಂಡ ಮಕ್ಕಳು ಬೆರಗಾಗದೆ ಇರರು. ಆ ಬೆರಗಿನಿಂದಲೇ “ನೀರು ಏಕೆ ಏರಿತು?” ಎಂಬ ಪುಸ್ತಕದ ಪ್ರಶ್ನೆಯು ಮಗುವಿನ ಸ್ವಂತ ಪ್ರಶ್ನೆಯಾಗುತ್ತದೆ.

ಒಬ್ಬ ಹುಡುಗಿಯು ಎದ್ದು, “ಆಮ್ಲಜನಕವು ಉರಿದು ಮುಗಿಯಿತು, ಆ ಸ್ಥಳಕ್ಕೆ ನೀರು ಬಂದಿತು” ಎನ್ನುವಳೆಂದು ಭಾವಿಸೋಣ. ಬಹು ಜನರು ನಂಬಿರುವ ಈ ಉತ್ತರವು ಸರಿಯಲ್ಲ. ಆಮ್ಲಜನಕವು ಪೂರ್ತಿ ತೀರುವ ಮೊದಲೇ ದೀಪವು ನಂದುವುದು. ವೆಚ್ಚವಾದ ಆಮ್ಲಜನಕಕ್ಕೆ ಬದಲಾಗಿ ಇಂಗಾಲಾಮ್ಲ ವಾಯುವೂ ಹುಟ್ಟುವುದು. ಉರಿಯ ಶಾಖದಿಂದ ಹಿಗ್ಗಿದ್ದ ಗಾಳಿಯು ದೀಪ ನಂದಿದ ಮೇಲೆ ತಣ್ಣಗಾಗಿ ಕುಗ್ಗುವುದೇ ನೀರು ಏರುವುದಕ್ಕೆ ಮುಖ್ಯ ಕಾರಣ.

ಈಗ ಉಪಾಧ್ಯಾಯಿನಿಯು ಏನು ಮಾಡತಕ್ಕದ್ದು? “ತಪ್ಪು, ಕುಳಿತುಕೋ” ಎಂದರೆ ತರಗತಿಯು ನಗುವುದು; ಹುಡುಗಿಯು ತಲೆ ತಗ್ಗಿಸುವಳು. ಆ ದಿನ ಆಕೆ ಕಲಿಯುವ ಪಾಠವು ಒಂದೇ: ಇನ್ನು ಮುಂದೆ ಬಾಯಿ ತೆರೆಯಬಾರದು. ಅದರ ಬದಲು, “ಹಾಗಾದರೆ ಮೂರು ಬತ್ತಿಗಳನ್ನಿಟ್ಟರೂ ನೀರು ಅಷ್ಟೇ ಏರಬೇಕಲ್ಲವೇ? ಬಾಮ್ಮ, ನೀನೇ ಹೊತ್ತಿಸಿ ನೋಡು” ಎಂದರೆ, ನೀರು ಮೊದಲಿಗಿಂತ ಮೇಲಕ್ಕೆ ಏರುವುದನ್ನು ಆಕೆಯೇ ಕಾಣುವಳು. ಲೋಟದೊಳಗಿನ ಆಮ್ಲಜನಕವು ಹೆಚ್ಚಲಿಲ್ಲ, ಹೆಚ್ಚಿದ್ದು ಶಾಖ. ತನ್ನ ಉತ್ತರವು ಬಿದ್ದುಹೋದುದರಿಂದ ಆಕೆಗೆ ಗಲಿಬಿಲಿಯಾಗುವುದು ಸಹಜ. ಆದರೆ ಅವಮಾನ ಬೆರೆಯದ ಗಲಿಬಿಲಿಯು ಒಳ್ಳೆಯದು. ಅದೇ ಮುಂದಿನ ಯೋಚನೆಗೆ ದಾರಿಯಾಗುವುದು.

ಅಂಜಿಕೆಯು ಬುದ್ಧಿಯನ್ನು ಕುಂದಿಸುವ ಬಗೆಯನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. ಮನಸ್ಸು ಒಂದು ಸಮಯದಲ್ಲಿ ಕೆಲವೇ ಸಂಗತಿಗಳನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಗಣಿತಕ್ಕೆ ಹೆದರುವವರಲ್ಲಿ ಆ ಚಿಕ್ಕ ಸ್ಥಳವನ್ನು ಹೆದರಿಕೆಯೇ ಆಕ್ರಮಿಸಿ ಲೆಕ್ಕಕ್ಕೆ ಎಡೆಯಿಲ್ಲದಂತೆ ಮಾಡುವುದೆಂದು ಅಮೇರಿಕೆಯ ಆಶ್‌ಕ್ರಾಫ್ಟ್ ಮತ್ತು ಕರ್ಕ್ ಎಂಬವರು 2001ರಲ್ಲಿ ತೋರಿಸಿದರು. ಆದುದರಿಂದ ಹೆದರಿದ ಮಗುವನ್ನು ದಡ್ಡಿಯೆಂದು ಕರೆಯುವುದು ಅನ್ಯಾಯ.

ನಮ್ಮ ನಾಡಿನಲ್ಲೇ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಹೆಂಗಸೆಂಬ ಕಾರಣದಿಂದ ನಿರಾಕರಿಸಿದರು. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷಾವಧಿಯ ನಿಬಂಧನೆಯ ಮೇಲೆ ಪ್ರವೇಶ ದೊರೆಯಿತು. ಆಕೆಯ ಕೆಲಸವನ್ನು ಕಂಡು ರಾಮನ್ನರು ತೃಪ್ತಿಪಟ್ಟರು. 1939ರಲ್ಲಿ ಆಕೆ ಕೇಂಬ್ರಿಜ್ಜಿನಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಮುಂದೆ ಕಮಲಾ ಸೊಹೊನಿಯೆಂದು ಪ್ರಸಿದ್ಧರಾದ ಈ ವಿದುಷಿಯು, ಆ ಮೊದಲ ಅವಮಾನವನ್ನು ತಾನು ಮರೆಯಲಾರೆನೆಂದು ಮುಪ್ಪಿನಲ್ಲಿಯೂ ಹೇಳಿದರು. ಅಷ್ಟು ಗಟ್ಟಿಗಿತ್ತಿಯ ಮನಸ್ಸಿನಲ್ಲೇ ನೋವು ಅಷ್ಟು ಕಾಲ ಉಳಿದಿರಬೇಕಾದರೆ, ಹದಿಮೂರು ವರ್ಷದ ಮೃದುಮನಸ್ಸಿನ ಹುಡುಗಿಯ ಪಾಡೇನು? ಬಾಗಿಲಿನಿಂದಲೇ ಹಿಂದಿರುಗಿದವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ.

ತಾಯಿತಂದೆಗಳೇ, ಈ ಕಾರ್ಯವು ಶಾಲೆಯೊಂದರಿಂದಲೇ ಆಗತಕ್ಕದ್ದಲ್ಲ. ಸಂಜೆ ಮಗಳು ಮನೆಗೆ ಬಂದಾಗ ಅಂಕಗಳನ್ನು ಕೇಳುವ ಮೊದಲು, “ಇಂದು ನಿನಗೆ ಆಶ್ಚರ್ಯವಾದದ್ದು ಯಾವುದು? ತಿಳಿಯದೆ ಉಳಿದದ್ದು ಯಾವುದು?” ಎಂದು ಕೇಳಿರಿ. “ನಮ್ಮ ವಂಶದಲ್ಲಿ ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತದು” ಎಂಬ ಮಾತು ವಿನೋದಕ್ಕೂ ಬೇಡ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಉಪಾಧ್ಯಾಯಿನಿಯರು. ನಿಮಗೆ ಧೈರ್ಯವಿತ್ತವರನ್ನು ನೀವು ಇಂದಿಗೂ ನೆನೆಯುತ್ತೀರಲ್ಲವೇ? ಆ ಸಾಲವನ್ನು ನಿಮ್ಮ ಮುಂದೆ ಕುಳಿತಿರುವ ಮಕ್ಕಳಿಗೆ ತೀರಿಸಿರಿ.