ಗಂಗೋತ್ರಿಯ ಆಚೆಗಿನ ಪರಿಚಯಗಳು

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯಿಂದ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಎಂ.ಎ., ಎಂ.ಎಸ್ಸಿ. ಓದಲು ಹೊರಡುವವರಲ್ಲಿ ಹಲವರು ಸೇರುವುದು ಮಾನಸಗಂಗೋತ್ರಿಗೆ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾಯಿತು. ಅದರ ಸ್ನಾತಕೋತ್ತರ ಕೇಂದ್ರವಾಗಿ ಗಂಗೋತ್ರಿ ಬೆಳೆದದ್ದು 1960ರಿಂದ. ಒಂದೇ ತರಗತಿಯಲ್ಲಿ ಓದಿದ ಇಬ್ಬರಲ್ಲಿ ಒಬ್ಬರು ಪ್ರಯೋಗಾಲಯ ಸೇರಿ ಇನ್ನೊಬ್ಬರು ಕೆಲಸ ಹುಡುಕುತ್ತ ಉಳಿಯುವುದಕ್ಕೆ ಅಂಕಗಳಷ್ಟೇ ಕಾರಣವಾಗಿರುವುದಿಲ್ಲ. ಆ ಕ್ಷೇತ್ರದಲ್ಲಿ ದುಡಿಯುತ್ತಿರುವ ಎಷ್ಟು ಜನಕ್ಕೆ ಆ ವಿದ್ಯಾರ್ಥಿಯ ಕೆಲಸ ಗೊತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ವೃತ್ತಿ ಸಂಪರ್ಕ, ನೆಟ್‌ವರ್ಕಿಂಗ್ ಎನ್ನುವುದು ಇದನ್ನೇ. ಇದಕ್ಕೂ ವಶೀಲಿಗೂ ಸಂಬಂಧವಿಲ್ಲ. ವಶೀಲಿ ಅರ್ಹತೆಯನ್ನು ಬದಿಗೆ ಸರಿಸುತ್ತದೆ. ಇಲ್ಲಿ ಅರ್ಹತೆಯನ್ನು ಕಣ್ಣಾರೆ ಕಂಡವರು ಅದರ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಪರಿಚಿತರ ಮೂಲಕ ಕೆಲಸ ಹಿಡಿದವರನ್ನು ಅವರು ಬಾಸ್ಟನ್ ಬಳಿಯ ಊರೊಂದರಲ್ಲಿ ವಿಚಾರಿಸಿದಾಗ, ಪದೇ ಪದೇ ಭೇಟಿಯಾಗುವ ಒಡನಾಡಿಗಳಿಂದ ಸುಳಿವು ಸಿಕ್ಕವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆ ಸುಳಿವು ಕೊಟ್ಟವರು ಆಗೊಮ್ಮೆ ಈಗೊಮ್ಮೆ ಸಿಗುವವರು, ಇಲ್ಲವೇ ಅಪರೂಪಕ್ಕೆ ಕಾಣುವವರು. ಒಂದೇ ಊರಿನವರಿಗೆ, ಒಂದೇ ಹಾಸ್ಟೆಲ್‌ನವರಿಗೆ ತಲುಪುವ ಸುದ್ದಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ತಂಬಾಕಿನ ಹರಾಜು ದರ ಪಿರಿಯಾಪಟ್ಟಣದ ಹಳ್ಳಿಗಳಿಗೆಲ್ಲ ಬೇಗನೆ ಮುಟ್ಟುತ್ತದೆ. ಮೈಸೂರಿನ ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಸಹಾಯಕರ ಹುದ್ದೆ ಖಾಲಿಯಾದ ಸುದ್ದಿ ಮುಟ್ಟುವುದಿಲ್ಲ. ಮನೆತನದಲ್ಲೇ ಮೊದಲ ಬಾರಿಗೆ ಸ್ನಾತಕೋತ್ತರ ಪದವಿಗೆ ಬಂದವರಿಗೆ ಈ ಕೊರತೆ ಹೆಚ್ಚು ಕಾಡುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಕೆಲಸ ಬಲ್ಲವರ ಪರಿಚಯ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದ್ದಾರೆ. 1916ರಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಪದವಿ ಮುಗಿಸಿ, ಬೊಂಬಾಯಿಯಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕ ಜಿ.ಎಸ್. ಘುರ್ಯೆ ಅವರ ಶಿಷ್ಯರಾದರು. ಪಿರಿಯಾಪಟ್ಟಣಕ್ಕೆ ಹೊಂದಿಕೊಂಡ ಕೊಡಗಿನ ಜನರನ್ನು ಕುರಿತು ಕಲೆಹಾಕಿದ ಸಾಮಗ್ರಿಯೊಂದಿಗೆ 1945ರಲ್ಲಿ ಆಕ್ಸ್‌ಫರ್ಡ್ ಸೇರಿದರು. ಅದನ್ನೇ ಬೇರೆ ದೃಷ್ಟಿಯಿಂದ ನೋಡುವಂತೆ ಅಲ್ಲಿನ ಪ್ರಾಧ್ಯಾಪಕ ರ‍್ಯಾಡ್‌ಕ್ಲಿಫ್-ಬ್ರೌನ್ ಹಚ್ಚಿದರು. ಅವರ ನಂತರ ಬಂದ ಇವಾನ್ಸ್-ಪ್ರಿಚರ್ಡ್ ಉಪನ್ಯಾಸಕರ ಹುದ್ದೆ ಕೊಟ್ಟು, ಮೊದಲ ವರ್ಷವನ್ನು ಕ್ಷೇತ್ರಕಾರ್ಯದಲ್ಲೇ ಕಳೆಯಲು ಬಿಟ್ಟರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಶ್ರೀನಿವಾಸ್ ಉಳಿಯಲು ಸಾಧ್ಯವಾದದ್ದು ಹಾಗೆ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಆ ಹಳ್ಳಿಯ ಟಿಪ್ಪಣಿಗಳು ಸುಟ್ಟುಹೋದಾಗ, ನೆನಪಿನಿಂದಲೇ ಬರೆಯಿರಿ ಎಂದು ಹುರಿದುಂಬಿಸಿದವರು ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್. ಹಾಗೆ ಬರೆದ ಪುಸ್ತಕವಾಗಿ 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂತು.

ಇಂದಿನ ವಿದ್ಯಾರ್ಥಿಗೆ ಅಷ್ಟು ದೂರದ ಪಯಣ ಬೇಕಿಲ್ಲ. 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ, 1969ರ ಭಾರತೀಯ ಭಾಷಾ ಸಂಸ್ಥಾನ, ರೇಷ್ಮೆ ಸಂಶೋಧನಾ ಸಂಸ್ಥೆ, ವಾಕ್ ಶ್ರವಣ ಸಂಸ್ಥೆ ಎಲ್ಲವೂ ಮೈಸೂರಿನಲ್ಲಿವೆ. ಹುಣಸೂರಿನಲ್ಲೇ ತಂಬಾಕು ಸಂಶೋಧನಾ ಕೇಂದ್ರವಿದೆ. ಸಮಾಜಕಾರ್ಯ ಓದುವವರಿಗೆ, 1984ರಲ್ಲಿ ಹುಟ್ಟಿ ಎಚ್.ಡಿ. ಕೋಟೆ, ಸರಗೂರು ಭಾಗದ ಆದಿವಾಸಿಗಳ ನಡುವೆ ದುಡಿಯುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ. ಇಂಥ ಕಡೆ ಒಳಗೆ ಹೋಗುವ ದಾರಿ ಒಂದು ಇಮೇಲ್‌ನಿಂದ ಶುರುವಾಗಬಹುದು. ಆದರೆ ನೂರು ವಿಜ್ಞಾನಿಗಳಿಗೆ ಒಂದೇ ಒಕ್ಕಣೆ ಕಳಿಸಿ, ಬಯೋಡೇಟಾ ಲಗತ್ತಿಸಿ, ಅವಕಾಶ ಕೊಡಿ ಎಂದು ಕೇಳಿಕೊಂಡರೆ ಉತ್ತರ ಬರುವುದು ಕಷ್ಟ. ಒಬ್ಬ ವಿಜ್ಞಾನಿಯ ಒಂದು ಲೇಖನ ಓದಿ, ಅದರಲ್ಲಿ ಹುಟ್ಟಿದ ಒಂದು ಪ್ರಶ್ನೆ ಕೇಳಬೇಕು. ತಾನು ಯಾರು, ಯಾವ ಉಪಕರಣ ಬಳಸಬಲ್ಲೆ, ಯಾವ ತಿಂಗಳಲ್ಲಿ ಎಷ್ಟು ವಾರ ಬರಬಲ್ಲೆ ಎಂಬುದು ಐದಾರು ಸಾಲಿನಲ್ಲಿ ಮುಗಿಯಬೇಕು. ತಂಬಾಕು ಬೆಳೆಯುವ ಮನೆಯಿಂದ ಬಂದು ಸಸ್ಯಶಾಸ್ತ್ರ ಓದುತ್ತಿರುವ ಹುಡುಗಿಗೆ ಎಲೆ ಒಣಗಿಸುವ ಬ್ಯಾರನ್‌ನ ಕಾವು, ಎಲೆಯ ಹದ, ಗ್ರೇಡಿಂಗ್ ಗೊತ್ತಿರುತ್ತದೆ. ಹಳ್ಳಿಯ ಮಾತೆಂದು ಅದನ್ನು ಬಚ್ಚಿಡಬಾರದು. ಪತ್ರದ ಎರಡನೆಯ ಸಾಲು ಅದೇ ಆಗಬೇಕು. ಪುಸ್ತಕ ಓದಿ ಬಂದವರಲ್ಲಿ ಇಲ್ಲದ ತಿಳಿವಳಿಕೆ ಅದು.

ಆದರೆ ಸಂಪರ್ಕವು ಪರೀಕ್ಷೆಯ ಜಾಗ ತುಂಬುವುದಿಲ್ಲ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಕೆಸೆಟ್‌ನಂಥ ಅರ್ಹತಾ ಪರೀಕ್ಷೆಯೇ ಕನಿಷ್ಠ, ಪಿಎಚ್‌.ಡಿ. ಐಚ್ಛಿಕ. 2022ರ ಯುಜಿಸಿ ನಿಯಮಗಳ ಪ್ರಕಾರ ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸುವುದು ಕಡ್ಡಾಯವಲ್ಲ. ಹಾಗೆಂದು ಬರೆಯದೆ ಕೂತರೆ ಸಂಶೋಧಕರನ್ನು ಹೊರಗಿನವರು ಗುರುತಿಸುವುದು ಯಾವುದರಿಂದ? ವಿಚಾರ ಸಂಕಿರಣದಲ್ಲಿ ಪ್ರಮಾಣಪತ್ರ ಪಡೆದು ಊಟದ ಹೊತ್ತಿಗೆ ಬಸ್ ಹತ್ತುವವರಿಗಿಂತ, ಪೋಸ್ಟರ್ ಪಕ್ಕದಲ್ಲಿ ನಿಂತು ತನ್ನ ಕೆಲಸವನ್ನು ಎರಡು ನಿಮಿಷದಲ್ಲಿ ಹೇಳಿದವರು ಜನರ ನೆನಪಿನಲ್ಲಿ ಉಳಿಯುತ್ತಾರೆ. ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲಿ ವಿವರಿಸಬಹುದು, ಮೈಸೂರಿನಲ್ಲಿ ಕೇಳಿಸಿಕೊಳ್ಳುವವರಿದ್ದಾರೆ.

ಪರಿಚಯವಾದ ಮೇಲೆ ಅದನ್ನು ಉಳಿಸಿಕೊಳ್ಳುವ ಕೆಲಸವಿದೆ. ಭೇಟಿಯ ಮರುದಿನ ಎರಡು ಸಾಲಿನ ಕೃತಜ್ಞತೆ, ವರ್ಷಕ್ಕೊಮ್ಮೆಯಾದರೂ ತನ್ನ ಕೆಲಸದ ಸುದ್ದಿ ಕಳಿಸಬೇಕು. ಶಿಫಾರಸು ಪತ್ರ ಬೇಕಿದ್ದರೆ ಕೊನೆಯ ದಿನಾಂಕಕ್ಕೆ ಮೂರು ನಾಲ್ಕು ವಾರ ಮುಂಚೆ ಕೇಳಬೇಕು. ಹುದ್ದೆಯ ಪ್ರಕಟಣೆ, ಅಂಕಪಟ್ಟಿ, ಆ ಅಧ್ಯಾಪಕರ ಬಳಿ ಮಾಡಿದ ಪ್ರಾಜೆಕ್ಟ್‌ನ ಸಾರಾಂಶವನ್ನೂ ಜೊತೆಗೆ ಕೊಡಬೇಕು. ಫಲಿತಾಂಶ ಬಂದಾಗ, ಆಯ್ಕೆಯಾಗದಿದ್ದರೂ ಅವರಿಗೆ ತಿಳಿಸಬೇಕು. ಕೆಲಸ ಸಿಕ್ಕವರು ತಮ್ಮ ತಾಲ್ಲೂಕಿನ ಪದವಿ ಕಾಲೇಜಿಗೆ ವರ್ಷಕ್ಕೊಮ್ಮೆ ಹೋಗಿ, ಅರ್ಜಿ ಹಾಕಿದ ಬಗೆಯನ್ನು ಅಂತಿಮ ವರ್ಷದವರಿಗೆ ಹೇಳಿಕೊಟ್ಟರೆ, ಹಾರನಹಳ್ಳಿಯಿಂದ ಮುಂದೆ ಬರುವವರು ಎಲ್ಲವನ್ನೂ ಮೊದಲಿನಿಂದ ಹುಡುಕಬೇಕಾಗುವುದಿಲ್ಲ.