ಹಲ್ಲು ಬೆಳ್ಳಗಾಗುವುದು ಹೇಗೆ? ಉಜ್ಜುವ ಮೊದಲು ತಿಳಿಯೋಣ

"ಸಿಸ್ಟರ್, ಮಗಳಿಗೆ ಗಂಡು ನೋಡ್ತಾ ಇದೀವಿ, ಹಲ್ಲು ಹಳದಿ. ಯಾವ ಪೇಸ್ಟ್ ತರೋಣ?" ಎಂದು ಸ್ವಸಹಾಯ ಸಂಘದ ಸಭೆಗಳಲ್ಲಿ ತಾಯಂದಿರು ನಮ್ಮನ್ನು ಕೇಳುವುದುಂಟು. ದುಡ್ಡು ಕೊಡುವ ಮೊದಲು ಬಣ್ಣ ಎಲ್ಲಿದೆ ಅಂತ ನೋಡಬೇಕು.

ಹಲ್ಲಿನ ಹೊರಪದರವಾದ ಎನಾಮೆಲ್ ಬಹಳ ಗಟ್ಟಿ. ಅದರ ಮೂಲಕ ಒಳಗಿನ ಪದರದ ಹಳದಿ ಬಣ್ಣ ಸ್ವಲ್ಪ ಕಾಣುತ್ತದೆ. ಆದ್ದರಿಂದ ಆರೋಗ್ಯವಾದ ಹಲ್ಲೂ ಹಾಲಿನಷ್ಟು ಬಿಳಿ ಇರುವುದಿಲ್ಲ.

ಮೇಲಿನ ಕಲೆ: ಟೀ, ಕಾಫಿ, ಎಲೆಅಡಿಕೆ, ತಂಬಾಕಿನ ಕಲೆ ಹೊರಗೆ ಅಂಟಿರುತ್ತದೆ. ಪೇಸ್ಟ್‌ನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಸಿಲಿಕಾದ ನುಣುಪಾದ ಪುಡಿ ಅದನ್ನು ಉಜ್ಜಿ ತೆಗೆಯುತ್ತದೆ. 'ವೈಟ್ನಿಂಗ್' ಪೇಸ್ಟ್‌ಗಳ ಮುಖ್ಯ ಕೆಲಸ ಇದೇ. ಕೆಲವಕ್ಕೆ ನೀಲಿ ಬಣ್ಣ ಸೇರಿಸಿರುತ್ತಾರೆ. ಬಿಳಿ ಬಟ್ಟೆಗೆ ನೀಲಿ ಹಾಕಿದ ಹಾಗೆ, ಹಲ್ಲು ಸ್ವಲ್ಪ ಹೊತ್ತು ಬೆಳ್ಳಗೆ ಕಾಣುತ್ತದೆ, ಅಷ್ಟೆ.

ಒಳಗಿನ ಬಣ್ಣ: ಇದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಅದು ಹಲ್ಲಿನೊಳಗೆ ಇಳಿದು ಬಣ್ಣದ ಕಣಗಳನ್ನು ಒಡೆಯುತ್ತದೆ. ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್‌ನಿಂದ ಸುಮಾರು ಶೇ. 3.5ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಹೊರಬರುತ್ತದೆ. ಇದರಿಂದ ಹಲ್ಲು ಜುಂ ಅನ್ನಬಹುದು, ವಸಡು ಉರಿಯಬಹುದು. ಹುಳುಕು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಕೃತಕ ಹಲ್ಲು, ಕ್ಯಾಪ್‌ಗಳ ಬಣ್ಣ ಬದಲಾಗದು.

ಮನೆಮದ್ದು: ಇಟ್ಟಿಗೆ ಪುಡಿ, ಬೂದಿ, ಇದ್ದಿಲಿನಿಂದ ಕಲೆಯ ಜೊತೆ ಎನಾಮೆಲ್ ಕೂಡ ಸವೆಯುತ್ತದೆ. ನಿಂಬೆಹುಳಿ ಅದನ್ನು ಮೆತ್ತಗೆ ಮಾಡುತ್ತದೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಒಳಗಿನ ಹಳದಿ ಇನ್ನಷ್ಟು ಎದ್ದು ಕಾಣುತ್ತದೆ. ಹಲ್ಲುಪುಡಿ, ಪೇಸ್ಟ್‌ಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ತಂಬಾಕು ಹಲ್ಲನ್ನು ಬೆಳ್ಳಗೆ ಮಾಡದು. ಕಲೆ, ಚಟ, ಬಾಯಿ ಕ್ಯಾನ್ಸರ್ ತರುತ್ತದೆ.

ಬೋರ್‌ವೆಲ್ ನೀರಿನ ಕಲೆ: ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಅನೇಕ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲೇ ಮಗು ಈ ನೀರು ಕುಡಿದರೆ ಬಿಳಿ, ಕಂದು ಪಟ್ಟೆಗಳು ಮೂಡುತ್ತವೆ. ಇದು ಎಷ್ಟು ಉಜ್ಜಿದರೂ ಹೋಗದು. ನೀರು ಕುದಿಸಿದರೂ ಫ್ಲೋರೈಡ್ ಕಡಿಮೆಯಾಗದು.

ನಾವು ಮಾಡಬಹುದಾದದ್ದು:
1. ಮೆತ್ತನೆ ಬ್ರಷ್‌ನಿಂದ ದಿನಕ್ಕೆ ಎರಡು ಸಲ, ಸಾಮಾನ್ಯ ಪೇಸ್ಟ್ ಹಾಕಿ ಉಜ್ಜೋಣ.
2. ಬ್ಲೀಚ್ ಬೇಕೆನಿಸಿದರೆ ಮೊದಲು ದಂತವೈದ್ಯರಿಗೆ ತೋರಿಸೋಣ.
3. ಊರಿನ ಹಲವು ಮಕ್ಕಳಲ್ಲಿ ಪಟ್ಟೆ ಕಂಡರೆ, ನೀರು ಪರೀಕ್ಷೆ ಮಾಡಿಸಲು ಸಂಘದಿಂದ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡೋಣ.

ಹಲ್ಲಿನ ಪಟ್ಟೆಗಾಗಿ ಹೆಣ್ಣುಮಕ್ಕಳನ್ನು ಬೈಯುವುದು ಬೇಡ. ಅದು ಅವರು ಹಲ್ಲುಜ್ಜದ ತಪ್ಪಲ್ಲ, ನಾವು ಕುಡಿಸಿದ ನೀರಿನ ದೋಷ.