ಮೂತ್ರಕೋಶದ ಲಗಾಮು ಬೆನ್ನಿನಲ್ಲಿ

ಮೂತ್ರಕೋಶ ಸ್ನಾಯುಗಳಿಂದಾದ ಒಂದು ಚೀಲ. ಮೂತ್ರಪಿಂಡಗಳಿಂದ ನಿಮಿಷಕ್ಕೆ ಸುಮಾರು 1 ಮಿಲಿಲೀಟರಿನಂತೆ ಇಳಿದುಬರುವ ಮೂತ್ರವನ್ನು ಅದು ಸದ್ದಿಲ್ಲದೆ ಕೂಡಿಟ್ಟುಕೊಳ್ಳುತ್ತದೆ. 150ರಿಂದ 200 ಮಿಲಿಲೀಟರ್ ತುಂಬುವಾಗ ಮೊದಲ ಸೂಚನೆ ಕೊಡುತ್ತದೆ. 400–500ರ ಹೊತ್ತಿಗೆ ಎದ್ದು ಹೋಗಲೇಬೇಕು ಅನ್ನಿಸುತ್ತದೆ. ಚೀಲದ ಬಾಯಿಯಲ್ಲಿ ಎರಡು ಬಿಗಿಗಳಿವೆ. ಒಳಗಿನದು ತನ್ನಷ್ಟಕ್ಕೆ ಬಿಗಿದುಕೊಂಡಿರುತ್ತದೆ, ಹೊರಗಿನದು ಮನಸ್ಸಿನ ಮಾತು ಕೇಳುತ್ತದೆ. ಬಸ್ಸಿನಲ್ಲಿ ಕುಳಿತು ಮುಂದಿನ ನಿಲ್ದಾಣದವರೆಗೆ ತಡೆದುಕೊಳ್ಳುವುದು ಈ ಹೊರಬಿಗಿಯ ಬಲದಿಂದ.

ಆದರೆ ಯಾವಾಗ ಸಡಿಲವಾಗಿರಬೇಕು, ಯಾವಾಗ ಹಿಂಡಬೇಕು ಎಂಬ ಅಪ್ಪಣೆ ಈ ಚೀಲಕ್ಕೆ ಬೆನ್ನುಹುರಿಯ ದಾರಿಯಲ್ಲಿ ಬರಬೇಕು. ಚೀಲವನ್ನು ಕೆಳಗಿನಿಂದ ಎತ್ತಿ ಹಿಡಿಯುವುದು ಸೊಂಟದ ಗೂಡಿನ ತಳದಲ್ಲಿರುವ ಸ್ನಾಯುಗಳು. ಮೂತ್ರದ ಹಿಡಿತ ತಪ್ಪಿದಾಗ ಜನ ವಯಸ್ಸನ್ನು ದೂರುತ್ತಾರೆ, ಸಕ್ಕರೆ ಕಾಯಿಲೆಯನ್ನು ಅನುಮಾನಿಸುತ್ತಾರೆ, ಗಂಡಸರಾದರೆ ಪ್ರಾಸ್ಟೇಟ್ ಎನ್ನುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಬೆನ್ನು ಮತ್ತು ಸೊಂಟದ ಕಡೆ ನೋಡುವುದು ಮಾತ್ರ ಕೊನೆಗೆ, ಕೆಲವೊಮ್ಮೆ ತೀರ ತಡವಾಗಿ.

ಮೂತ್ರಕೋಶಕ್ಕೆ ಬರುವ ನರಗಳು ಮುಖ್ಯವಾಗಿ ಮೂರು ಕಟ್ಟುಗಳಲ್ಲಿವೆ. ಬೆನ್ನುಹುರಿಯ ಎದೆಭಾಗದ ಕೊನೆ ಹಾಗೂ ಸೊಂಟದ ಭಾಗದ ಮೊದಲಿನಿಂದ ಹೊರಡುವ ಕಟ್ಟು ಚೀಲವನ್ನು ಸಡಿಲವಾಗಿಟ್ಟು ಅದರ ಬಾಯನ್ನು ಮುಚ್ಚಿಸುತ್ತದೆ. ಸೊಂಟದ ಭಾಗಕ್ಕೂ ಕೆಳಗಿನ ತ್ರಿಕ ಭಾಗದ 2, 3 ಮತ್ತು 4ನೇ ನರಗಳಿಂದ ಬರುವ ಎರಡನೆಯ ಕಟ್ಟು ಹಿಂಡು ಎನ್ನುತ್ತದೆ. ಅದೇ ಮೂರು ನರಗಳಿಂದ ಹುಟ್ಟುವ ಪ್ಯುಡೆಂಡಲ್ ನರ ಹೊರಬಿಗಿಯನ್ನು ಆಳುತ್ತದೆ. ಇವುಗಳ ನಡುವೆ ತಾಳಮೇಳ ತರುವ ಕೇಂದ್ರ ಮಿದುಳಿನ ಕಾಂಡದಲ್ಲಿದೆ. ಬ್ರಿಟನ್ನಿನ ವೈದ್ಯ ಬ್ಯಾರಿಂಗ್ಟನ್ 1925ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ಅದನ್ನು ಗುರುತಿಸಿದರು. ಅದಕ್ಕೂ ಮೇಲೆ, ‘ಈಗ ಬೇಡ, ಸ್ವಲ್ಪ ತಡಿ’ ಎನ್ನುವ ಯಜಮಾನಿಕೆ ಮಿದುಳಿನ ಮುಂಭಾಗದ್ದು. ಎಳೆಗೂಸಿಗೆ ಈ ಯಜಮಾನಿಕೆ ಇನ್ನೂ ಬಂದಿರುವುದಿಲ್ಲ. ಚೀಲ ತುಂಬಿತು, ಖಾಲಿಯಾಯಿತು, ಅಷ್ಟೇ.

ಬೆನ್ನುಹುರಿಯ ರಚನೆಯಲ್ಲಿ ಒಂದು ವಿಚಿತ್ರವಿದೆ. ಬೆನ್ನುಮೂಳೆ ಬಾಲದ ತುದಿಯವರೆಗೆ ಇಳಿದರೂ ಹುರಿ ಅಷ್ಟು ಕೆಳಗೆ ಬರುವುದಿಲ್ಲ. ವಯಸ್ಕರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಇರುವುದು ಕುದುರೆಯ ಬಾಲದಂತೆ ಜೋಲುಬಿದ್ದ ನರಗಳ ಗೊಂಚಲು. ಹೀಗಾಗಿ ಮೂತ್ರಕೋಶವನ್ನು ಆಳುವ ತ್ರಿಕ ಭಾಗದ ಕೇಂದ್ರ ಇರುವುದು ತ್ರಿಕಾಸ್ಥಿಯ ಬಳಿ ಅಲ್ಲ, ಅದಕ್ಕಿಂತ ಸಾಕಷ್ಟು ಮೇಲೆ, ಎದೆಯ ಮಣಿಗಳು ಮುಗಿದು ಸೊಂಟದ ಮಣಿಗಳು ಶುರುವಾಗುವಲ್ಲಿ. ಎತ್ತರದಿಂದ ಬಿದ್ದಾಗ ಬೆನ್ನುಮೂಳೆ ಹೆಚ್ಚಾಗಿ ಮುರಿಯುವುದೂ ಇದೇ ಸಂದಿಯಲ್ಲಿ. ಅಡಿಕೆ, ತೆಂಗಿನ ಮರದಿಂದ ಬಿದ್ದವರಲ್ಲಿ ಕಾಲಿನ ಬಲ ಒಂದಿಷ್ಟು ಉಳಿದರೂ ಮೂತ್ರದ ಹಿಡಿತ ಹೋಗಿಬಿಡುವುದು ಈ ಕಾರಣಕ್ಕೆ.

ಪೆಟ್ಟು ಈ ಕೇಂದ್ರಕ್ಕಿಂತ ಮೇಲೆ ಬಿದ್ದರೆ ಕಥೆ ಬೇರೆ. ಮೊದಲ ಕೆಲವು ವಾರ ಮೂತ್ರಕೋಶ ಸ್ತಬ್ಧವಾಗಿರುತ್ತದೆ. ಆಮೇಲೆ ಕೆಳಗಿನ ಕೇಂದ್ರ ಮಿದುಳನ್ನು ಕೇಳದೆ ತನ್ನದೇ ಆಡಳಿತ ನಡೆಸತೊಡಗುತ್ತದೆ. ಚೀಲ ಸ್ವಲ್ಪ ತುಂಬುವಷ್ಟರಲ್ಲೇ ಹಿಂಡಿಕೊಳ್ಳುತ್ತದೆ. ಅದು ಹಿಂಡುವ ಹೊತ್ತಿಗೇ ಬಾಯಿಯೂ ಬಿಗಿದುಕೊಂಡರೆ ಒಳಗೆ ಒತ್ತಡ ಏರಿ ಮೂತ್ರ ಹಿಮ್ಮುಖವಾಗಿ ಮೂತ್ರಪಿಂಡಕ್ಕೆ ನುಗ್ಗುತ್ತದೆ. ಬಟ್ಟೆ ಒದ್ದೆಯಾಗುವುದು ಎಲ್ಲರಿಗೂ ಕಾಣುತ್ತದೆ. ಕಾಣದ ಅಪಾಯ ಈ ಹಿಮ್ಮುಖ ಒತ್ತಡದ್ದು. ಒಂದು ಕಾಲದಲ್ಲಿ ಬೆನ್ನುಹುರಿ ತುಂಡಾದವರ ಪ್ರಾಣ ತೆಗೆಯುತ್ತಿದ್ದುದು ಗಾಯವಲ್ಲ, ಮೂತ್ರದ ಸೋಂಕು ಮತ್ತು ಮೂತ್ರಪಿಂಡದ ವೈಫಲ್ಯ.

ಈ ಸ್ಥಿತಿ ಬದಲಾದದ್ದು ತೀರ ಸರಳ ಉಪಾಯದಿಂದ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗ ತೆರೆದ ಲುಡ್ವಿಗ್ ಗುಟ್‌ಮನ್, ಕೊಳವೆಯನ್ನು ಸದಾ ಒಳಗೇ ಬಿಡದೆ ಆಗಾಗ ಹಾಕಿ ತೆಗೆಯುವ ಪದ್ಧತಿಯನ್ನು ಬಳಕೆಗೆ ತಂದರು. ಅದಕ್ಕೆ ಆಸ್ಪತ್ರೆಯ ಮಟ್ಟದ ಶುಚಿ ಬೇಕಿತ್ತು. 1972ರಲ್ಲಿ ಅಮೆರಿಕದ ಮಿಷಿಗನ್ನಿನ ಜ್ಯಾಕ್ ಲ್ಯಾಪಿಡೆಸ್, ಅಷ್ಟೆಲ್ಲ ಬೇಡ, ಸೋಪು ಹಾಕಿ ಕೈ ತೊಳೆದು ರೋಗಿಯೇ ಮನೆಯಲ್ಲಿ ಹಾಕಿಕೊಳ್ಳಬಹುದು ಎಂದು ತೋರಿಸಿದರು. ಸೋಂಕಿಗೆ ದಾರಿ ಮಾಡುವುದು ಕೊಳವೆಗಿಂತ ಹೆಚ್ಚಾಗಿ ಚೀಲ ಅತಿಯಾಗಿ ಹಿಗ್ಗುವುದು ಎಂಬುದು ಅವರ ವಾದ. ಇಂದಿಗೂ ನಾಲ್ಕರಿಂದ ಆರು ಗಂಟೆಗೊಮ್ಮೆ ಹೀಗೆ ಖಾಲಿ ಮಾಡುವುದೇ ಮುಖ್ಯ ಉಪಾಯ. ನೋಡಲು ಮುಜುಗರದ ಕೆಲಸ, ಕಲಿತ ಮೇಲೆ ಹಲ್ಲುಜ್ಜುವಷ್ಟೇ ಮಾಮೂಲಿ. ಶಾಲೆಗೆ ಹೋಗುವ ಮಕ್ಕಳೂ ಕಲಿಯುತ್ತಾರೆ.

ಮಕ್ಕಳಲ್ಲಿ ಕಾರಣ ಹುಟ್ಟಿನಿಂದಲೇ ಬಂದಿರಬಹುದು. ಗರ್ಭ ನಿಂತ ಸುಮಾರು 28 ದಿನಗಳೊಳಗೆ ಭ್ರೂಣದ ನರನಾಳ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಸ್ಪೈನಾ ಬೈಫಿಡಾ ಎಂಬ ದೋಷ ಉಳಿದು, ಕಾಲಿನ ಜೊತೆಗೆ ಮೂತ್ರಕೋಶವೂ ಸೋಲುತ್ತದೆ. ತಾಯಿಗೆ ತಾನು ಬಸುರಿ ಎಂದು ಗೊತ್ತಾಗುವ ಹೊತ್ತಿಗೆ ಆ ದಿನಗಳು ಕಳೆದಿರುತ್ತವೆ. ಆದ್ದರಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ಧರಿಸುವ ಮೊದಲಿನಿಂದಲೇ ತೆಗೆದುಕೊಳ್ಳಬೇಕೆನ್ನುತ್ತಾರೆ. ಒಮ್ಮೆ ಶುಚಿತನ ಕಲಿತ ಮಗು ಮತ್ತೆ ಹಗಲಲ್ಲೂ ಒದ್ದೆ ಮಾಡಿಕೊಳ್ಳತೊಡಗಿದರೆ ಬೈಯುವ ಮುಂಚೆ ಸೊಂಟದ ಕೆಳಗೆ ಕುಳಿಯೋ, ಕೂದಲ ಗುಚ್ಛವೋ ಇದೆಯೇ ನೋಡಬೇಕು. ಒಳಗೆ ಹುರಿ ಅಂಟಿಕೊಂಡು ಎಳೆದಿರುವುದರ ಹೊರಗುರುತು ಅದಾಗಿರಬಹುದು. ದೊಡ್ಡವರಲ್ಲಿ ಬೆನ್ನುಮೂಳೆಯ ಕ್ಷಯ, ಗಡ್ಡೆ, ಕತ್ತಿನ ಸವೆತ ಹುರಿಯನ್ನು ಒತ್ತಬಹುದು. ಇವು ಮೂತ್ರದ ತೊಂದರೆಯ ಜೊತೆಗೆ ನಡಿಗೆಯನ್ನೂ ಕೆಡಿಸುತ್ತವೆ.

ಎಲ್ಲಕ್ಕಿಂತ ತುರ್ತಾಗಿ ಗೊತ್ತಿರಬೇಕಾದದ್ದು ಕುದುರೆಬಾಲದ ನರಗಳ ಮೇಲಿನ ಒತ್ತಡ. ಡಿಸ್ಕ್ ಜಾರುವುದು ಸೊಂಟದ ಕೊನೆಯ ಎರಡು ಮಟ್ಟಗಳಲ್ಲೇ ಹೆಚ್ಚು. ಸಾಮಾನ್ಯವಾಗಿ ಅದು ಒಂದು ಕಡೆಯ ನರವನ್ನು ಚುಚ್ಚಿ ಕಾಲಿಗೆ ಸೆಳೆತ ತರುತ್ತದೆ, ವಿಶ್ರಾಂತಿ ಮತ್ತು ವ್ಯಾಯಾಮಕ್ಕೆ ಮಣಿಯುತ್ತದೆ. ಅಪರೂಪಕ್ಕೆ ದೊಡ್ಡ ತುಂಡು ನಡುವಿಗೇ ಜಾರಿ ಇಡೀ ಗೊಂಚಲನ್ನು ಅದುಮುತ್ತದೆ. ಆಗ ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ ಮರಗಟ್ಟುತ್ತದೆ. ಶೌಚದ ನಂತರ ತೊಳೆದುಕೊಳ್ಳುವಾಗ ನೀರು ತಣ್ಣಗೋ ಬಿಸಿಯೋ ತಿಳಿಯುವುದಿಲ್ಲ, ಕೈ ತಾಗಿದ್ದೂ ತಿಳಿಯುವುದಿಲ್ಲ. ಮೂತ್ರ ತುಂಬಿದರೂ ಬರುವುದಿಲ್ಲ. ಬಂದರೂ ಹರಿದದ್ದು ಗೊತ್ತಾಗುವುದಿಲ್ಲ. ಕೊನೆಗೆ ತುಂಬಿದ ಕೊಡದಂತೆ ತುಳುಕುತ್ತದೆ. ತುಳುಕುವುದನ್ನು ನೋಡಿ ‘ಮೂತ್ರ ಹೋಗುತ್ತಿದೆಯಲ್ಲ’ ಎಂದು ಸಮಾಧಾನ ಪಟ್ಟುಕೊಳ್ಳುವುದು ದೊಡ್ಡ ತಪ್ಪು. ಇದಕ್ಕೆ ಎಂಆರ್‌ಐ ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸೆ ಆದಷ್ಟು ಬೇಗ ಆಗಬೇಕು. 48 ಗಂಟೆ ದಾಟಿದರೆ ಹಿಡಿತ ಮರಳುವ ಆಸೆ ಕುಗ್ಗುತ್ತ ಹೋಗುತ್ತದೆ. ಎಣ್ಣೆ ಹಚ್ಚಿ, ನೀವಿಸಿ, ಸೋಮವಾರದ ಓಪಿಡಿಗೆ ಕಾಯುವ ಕಾಯಿಲೆ ಇದಲ್ಲ.

ನರಗಳದ್ದು ಅಷ್ಟಾಯಿತು. ಹೆಚ್ಚು ಜನರನ್ನು ಕಾಡುವುದು, ಅದರಲ್ಲೂ ಹೆಂಗಸರನ್ನು, ಸೊಂಟದ ಗೂಡಿನ ತಳದ ಸ್ನಾಯು. ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಜೋಲಿಯಂತೆ ಹರಡಿದ ಈ ಪದರದ ಮೇಲೆ ಮೂತ್ರಕೋಶ, ಗರ್ಭಕೋಶ, ಮಲಾಶಯ ಕುಳಿತಿವೆ. ಹೆರಿಗೆಯಲ್ಲಿ ಅದು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಮುಟ್ಟು ನಿಂತ ಮೇಲೆ ಸೊರಗುತ್ತದೆ. ವರ್ಷಗಟ್ಟಲೆ ಮಲಬದ್ಧತೆ, ಬಿಡದ ಕೆಮ್ಮು, ಬೊಜ್ಜು, ತುಂಬಿದ ಕೊಡ ಹೊರುವ ಕೆಲಸ ಅದನ್ನು ಇನ್ನಷ್ಟು ಜಗ್ಗಿಸುತ್ತವೆ. ಆಗ ಸೀನಿದರೆ, ನಕ್ಕರೆ, ಕೊಡ ಎತ್ತಿದರೆ ನಾಲ್ಕು ಹನಿ ಜಾರುತ್ತದೆ. ಬಾಣಂತಿಯ ಹೊಟ್ಟೆಗೆ ಬಟ್ಟೆ ಬಿಗಿಯುವ ರೂಢಿಯಿಂದ ಸೊಂಟಕ್ಕೆ ಹಿತವೆನಿಸಬಹುದು, ಆದರೆ ತಳದ ಸ್ನಾಯುವಿಗೆ ಅದರಿಂದ ಬಲ ಬರುವುದಿಲ್ಲ. ತೀರ ಬಿಗಿದರೆ ಒತ್ತಡ ಕೆಳಕ್ಕೇ ಇಳಿಯುತ್ತದೆ.

ಈ ಸ್ನಾಯು ಬೆನ್ನಿನ ಸಂಗಾತಿಯೂ ಹೌದು. ಮೇಲೆ ವಪೆ, ಮುಂದೆ ಹೊಟ್ಟೆಯ ಒಳಪದರ, ಹಿಂದೆ ಬೆನ್ನುಮಣಿಗಳ ಪಕ್ಕದ ಸಣ್ಣ ಸ್ನಾಯುಗಳು, ಕೆಳಗೆ ಈ ಜೋಲಿ ಸೇರಿ ನಡುಭಾಗವನ್ನು ಡಬ್ಬಿಯಂತೆ ಬಿಗಿಯಾಗಿಡುತ್ತವೆ. ಒಂದು ಸೋತರೆ ಉಳಿದವುಗಳ ಮೇಲೆ ಭಾರ. ಬಹಳ ಕಾಲದ ಸೊಂಟನೋವಿದ್ದವರಲ್ಲಿ ಮೂತ್ರ ಜಾರುವ ದೂರು ಹೆಚ್ಚು ಕಾಣುವುದಕ್ಕೆ ಇದೊಂದು ವಿವರಣೆ. ಹಾಗೆಂದು ಎಲ್ಲ ಬೆನ್ನುನೋವೂ ಮೂತ್ರಕೋಶಕ್ಕೆ ತಾಗುತ್ತದೆ ಎಂದಲ್ಲ, ಬಹುಪಾಲು ತಾಗುವುದಿಲ್ಲ. ಇನ್ನು ಕೆಲವರಲ್ಲಿ ಸ್ನಾಯು ಸಡಿಲವಾಗುವ ಬದಲು ಸದಾ ಬಿಗಿದುಕೊಂಡಿರುತ್ತದೆ. ಅವರಿಗೆ ಮೂತ್ರ ತಡೆತಡೆದು ಬರುತ್ತದೆ, ಪದೇ ಪದೇ ಹೋಗಬೇಕೆನ್ನಿಸುತ್ತದೆ. ಅಂಥವರಿಗೆ ಬೇಕಾದದ್ದು ಸಡಿಲಿಸುವ ತರಬೇತಿ. ಬಿಗಿಯುವ ವ್ಯಾಯಾಮ ಮಾಡಿಸಿದರೆ ತೊಂದರೆ ಹೆಚ್ಚುತ್ತದೆ.

ಸಡಿಲವಾದ ಸ್ನಾಯುವಿಗೆ ವ್ಯಾಯಾಮವೇ ಮೊದಲ ಮದ್ದು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೇಗಲ್ 1948ರಲ್ಲಿ ಇದನ್ನು ಪ್ರಕಟಿಸಿದರು. ಹಠಯೋಗ ಪ್ರದೀಪಿಕೆಯ ಮೂಲಬಂಧವೂ ಇದೇ ಭಾಗವನ್ನು ಮೇಲಕ್ಕೆಳೆಯುವ ಕ್ರಿಯೆ, ಅದರ ಉದ್ದೇಶ ಮಾತ್ರ ಬೇರೆ. ನಾಲ್ಕು ಜನರ ನಡುವೆ ವಾಯು ತಡೆಯುವಂತೆ ಒಳಕ್ಕೆ, ಮೇಲಕ್ಕೆ ಎಳೆದು ಕೆಲವು ಸೆಕೆಂಡು ಹಿಡಿದು ಪೂರ್ತಿ ಬಿಡಬೇಕು. ಉಸಿರು ಕಟ್ಟಬಾರದು, ಹೊಟ್ಟೆ, ಪೃಷ್ಠ, ತೊಡೆ ಬಿಗಿಯಬಾರದು. ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಹದಿನೈದು ದಿನ ಮಾಡಿ ಕೈಬಿಡುವವರೇ ಹೆಚ್ಚು. ಮೂತ್ರ ಮಾಡುವಾಗಲೇ ನಡುವೆ ತಡೆದು ಅಭ್ಯಾಸ ಮಾಡುವುದು ಒಳ್ಳೆಯದಲ್ಲ. ಗರ್ಭಕೋಶ ಜಾರಿದ್ದರೆ ಒಳಗಿಡುವ ಪೆಸರಿ ಉಂಗುರವಿದೆ, ಶಸ್ತ್ರಚಿಕಿತ್ಸೆಯಿದೆ. ತಡೆಯಲಾಗದ ಅವಸರಕ್ಕೆ ಮಾತ್ರೆ, ಬೊಟಾಕ್ಸ್ ಚುಚ್ಚುಮದ್ದು, ತ್ರಿಕ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುವ ಸಾಧನ ಇವೆ.

ಶೌಚಾಲಯವಿಲ್ಲದ ಕಡೆ ದುಡಿಯುವ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರ ಗಟ್ಟಿಯಾಗಿ ಚೀಲವನ್ನು ಕೆರಳಿಸುತ್ತದೆ, ಮಲ ಗಟ್ಟಿಯಾಗಿ ಮುಕ್ಕಬೇಕಾಗುತ್ತದೆ. ಎರಡೂ ಹಿಡಿತಕ್ಕೆ ಕೇಡು.

ವೈದ್ಯರ ಬಳಿ ಪರೀಕ್ಷೆ ಶುರುವಾಗುವುದು ದುಬಾರಿ ಸ್ಕ್ಯಾನಿನಿಂದಲ್ಲ. ಮೂತ್ರದ ಪರೀಕ್ಷೆ, ಕಾಲು ಮತ್ತು ಕುಳಿತ ಜಾಗದ ಸ್ಪರ್ಶದ ಪರೀಕ್ಷೆ, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ತೋರಿಸುವ ಅಲ್ಟ್ರಾಸೌಂಡ್ ಬಹಳಷ್ಟನ್ನು ಹೇಳುತ್ತವೆ. ಅದಕ್ಕೂ ಮೊದಲು ಮನೆಯಲ್ಲೇ ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಬೇಕು: ಎಷ್ಟು ಹೊತ್ತಿಗೆ ಹೋದದ್ದು, ಅಳತೆಯ ಲೋಟದಲ್ಲಿ ಎಷ್ಟು ಬಂತು, ಎಷ್ಟು ನೀರು, ಕಾಫಿ ಕುಡಿದದ್ದು, ಏನು ಮಾಡುವಾಗ ಜಾರಿತು. ಬೆನ್ನುನೋವು, ಕಾಲು ಜೋಮು ಇದ್ದರೆ ಅದನ್ನೂ ಅದೇ ಹಾಳೆಯಲ್ಲಿ, ಶುರುವಾದ ದಿನದ ಸಮೇತ ಬರೆದು ವೈದ್ಯರ ಮುಂದಿಡಬೇಕು.